ಸೆಲ್ಬೋರ್ನಿನ ದಿನಚರಿಕಾರ

ಇಂಗ್ಲೆಂಡಿನ ವಸಂತಕಾಲವನ್ನು ನಂಬುವಂತಿಲ್ಲ. ಬೆಳಿಗ್ಗೆ ಎಳೆಬಿಸಿಲಿಗೆ ಹೂಗಳು ಅರಳಿದರೆ, ಮಧ್ಯಾಹ್ನ ಆಲಿಕಲ್ಲಿನ ಮಳೆ ಸುರಿಯಬಹುದು. ರಾತ್ರಿ ಹಿಮ ಬಿದ್ದು ಚಿಗುರೆಲ್ಲ ಕಪ್ಪಾಗಬಹುದು. ಇಂತಹ ಚಂಚಲವಾದ ಹವೆಯನ್ನು ದಿನದಿನವೂ ಗಮನಿಸಿ ಬರೆದಿಡುವುದಕ್ಕೆ ತನ್ನ ಬಾಳಿನ ಬಹುಭಾಗವನ್ನು ಮುಡಿಪಾಗಿಟ್ಟವನು ಗಿಲ್ಬರ್ಟ್ ವೈಟ್.

ವೈಟ್ 1720ನೆಯ ಇಸವಿ ಜುಲೈ 18ರಂದು ಹ್ಯಾಂಪ್‌ಷೈರ್ ಪ್ರಾಂತದ ಸೆಲ್ಬೋರ್ನ್ ಎಂಬ ಗ್ರಾಮದಲ್ಲಿ ಜನಿಸಿದನು. ಅವನ ಅಜ್ಜ ಆ ಊರಿನ ಪಾದ್ರಿಯಾಗಿದ್ದನು. ವೈಟನೂ ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ ಪಾದ್ರಿಯಾದನು. ಆದರೆ ಅಜ್ಜನ ಪದವಿ ಮೊಮ್ಮಗನಿಗೆ ದೊರೆಯಲಿಲ್ಲ. ಅದಕ್ಕೆ ನೇಮಕ ಮಾಡುವ ಅಧಿಕಾರ ಮಾಡ್ಲಿನ್ ಕಾಲೇಜಿಗೆ ಸೇರಿತ್ತು. ವೈಟ್ ಓದಿದ್ದುದು ಓರಿಯಲ್ ಕಾಲೇಜಿನಲ್ಲಿ. ದೂರದ ಊರುಗಳಲ್ಲಿ ಉತ್ತಮ ಹುದ್ದೆಯನ್ನು ಪಡೆದು ನೆಲೆಸಬಹುದಾಗಿದ್ದರೂ ಅವನು ಹುಟ್ಟೂರನ್ನು ಬಿಡಲೊಲ್ಲದೆ ಅಲ್ಲಿ ಸಹಾಯಕ ಪಾದ್ರಿಯಾಗಿಯೇ ಉಳಿದನು.

ವೇಕ್ಸ್ ಎಂಬ ಅವನ ಮನೆಯ ಹಿಂದೆ ವಿಶಾಲವಾದ ತೋಟವಿತ್ತು; ಅದರಾಚೆ ಬೀಚ್ ಮರಗಳಿಂದ ತುಂಬಿದ ಗುಡ್ಡ. 1751ರಲ್ಲಿ ಅವನು ತೋಟದ ದಿನಚರಿಯನ್ನು ಆರಂಭಿಸಿದನು. ಯಾವ ಬೀಜವನ್ನು ಎಂದು ಬಿತ್ತಿದೆ, ಯಾವ ಹೂವು ಎಂದು ಅರಳಿತು ಎಂಬುದನ್ನೆಲ್ಲ ಅದರಲ್ಲಿ ಬರೆದನು. 1768ರಿಂದ ಉಷ್ಣತೆ, ಗಾಳಿ, ಮಳೆ, ಹೂಗಳು, ಹಕ್ಕಿಗಳ ಆಗಮನ ಇವೆಲ್ಲವನ್ನೂ ಅಂಕಣಗಳುಳ್ಳ ಪುಸ್ತಕದಲ್ಲಿ ದಾಖಲೆ ಮಾಡತೊಡಗಿದನು. ಈ ಕಾರ್ಯ 25 ವರ್ಷ ನಡೆಯಿತು.

ಅವನ ತೋಟದಲ್ಲಿ ಕೇಸರಿಯ ಕುಲಕ್ಕೆ ಸೇರಿದ ಕ್ರೋಕಸ್ ಗಿಡಗಳಿದ್ದವು. ಚಳಿ ಇನ್ನೂ ಮುಗಿಯದಿರುವಾಗಲೇ, ಹಿಮದ ನಡುವೆಯೂ ಅವು ಅರಳುತ್ತಿದ್ದವು. ಅದೇ ಕುಲದ ಇನ್ನೊಂದು ಗಿಡವಾದರೋ ಬೇಸಗೆಯೆಲ್ಲ ಕಳೆದು ಶರತ್ಕಾಲ ಬಂದ ಮೇಲೆ ಹೂ ಬಿಡುತ್ತಿತ್ತು. ರೂಪದಲ್ಲಿ ಇಷ್ಟು ಹೋಲುವ ಗಿಡಗಳಿಗೆ ಕಾಲದಲ್ಲಿ ಇಷ್ಟು ಅಂತರವೇಕೆಂದು ಅವನು ಬೆರಗಾದನು. ಪ್ರತಿವರ್ಷವೂ ಕಾಣುವ ಸಂಗತಿಯೆಂಬ ಕಾರಣದಿಂದ ಅದನ್ನು ಉಪೇಕ್ಷಿಸಬಾರದೆಂಬುದು ಅವನ ನಿಲುವಾಗಿತ್ತು.

1784ರ ಡಿಸೆಂಬರಿನಲ್ಲಿ ಘೋರವಾದ ಚಳಿ ಬಂದಿತು. ವೈಟನ ಉಷ್ಣತಾಮಾಪಕ ಸೊನ್ನೆಗಿಂತ 1 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿಳಿಯಿತು. ಆದರೆ ಎತ್ತರದ ನೆಲದಲ್ಲಿದ್ದ ನೆರೆಯ ನ್ಯೂಟನ್ ಎಂಬ ಊರಿನ ಮಾಪಕ 17 ಡಿಗ್ರಿ ತೋರಿಸಿತು. ಎತ್ತರದಲ್ಲಿ ಚಳಿ ಹೆಚ್ಚಿರಬೇಕಲ್ಲವೆ? ಆ ಮಾಪಕವೇ ಕೆಟ್ಟಿರಬೇಕೆಂದು ಶಂಕಿಸಿ ಅವನು ತನ್ನದೊಂದನ್ನು ಅಲ್ಲಿಗೆ ಕಳುಹಿಸಿದನು. ಎರಡೂ ಒಂದೇ ಅಂಕವನ್ನು ತೋರಿಸಿದವು. ತಪ್ಪಿದ್ದುದು ಮಾಪಕದಲ್ಲಲ್ಲ, ತನ್ನ ಊಹೆಯಲ್ಲಿ ಎಂಬುದು ಅವನಿಗೆ ಮನವರಿಕೆಯಾಯಿತು. ತೋಟವೂ ಅದಕ್ಕೆ ಸಾಕ್ಷಿ ನುಡಿಯಿತು. ಅವನು ಅಕ್ಕರೆಯಿಂದ ಬೆಳೆಸಿದ್ದ ಲಾರೆಲ್ ಬೇಲಿ ಬೆಂಕಿ ತಗುಲಿದಂತೆ ಸುಟ್ಟುಹೋಗಿತ್ತು. ನ್ಯೂಟನ್ನಿನಲ್ಲಿ ಅಂತಹ ಗಿಡಗಳ ಒಂದೆಲೆಯೂ ಉದುರಿರಲಿಲ್ಲ. ಗಾಳಿಯಿಲ್ಲದ ನಿರ್ಮಲ ರಾತ್ರಿಗಳಲ್ಲಿ ಭಾರವಾದ ತಣ್ಣನೆಯ ಗಾಳಿ ತಗ್ಗಿಗಿಳಿದು ನಿಲ್ಲುವುದೆಂದು ಇಂದು ನಾವು ಬಲ್ಲೆವು. ಬೇಲಿಯನ್ನು ಕಳೆದುಕೊಂಡ ದುಃಖದಲ್ಲಿಯೂ ವೈಟ್ ಸತ್ಯವನ್ನು ಪರೀಕ್ಷಿಸುವುದನ್ನು ಮರೆಯಲಿಲ್ಲ.

ಪೆನೆಂಟ್ ಮತ್ತು ಬ್ಯಾರಿಂಗ್ಟನ್ ಎಂಬ ವಿದ್ವಾಂಸರಿಗೆ ಅವನು ಬರೆದ ಪತ್ರಗಳೇ 1789ರ ‘ಸೆಲ್ಬೋರ್ನಿನ ನಿಸರ್ಗ ಚರಿತ್ರೆ’ ಎಂಬ ಗ್ರಂಥಕ್ಕೆ ಆಧಾರವಾದವು. ಅದು ಇಂದಿಗೂ ಮತ್ತೆ ಮತ್ತೆ ಅಚ್ಚಾಗುತ್ತಿದೆ.

1793ರ ಜೂನ್ 15ರವರೆಗೂ ವೈಟ್ ದಿನಚರಿಯನ್ನು ಬರೆದನು. ಅದೇ ತಿಂಗಳ 26ರಂದು ನಿಧನ ಹೊಂದಿದನು. ಅವನ ಸಮಾಧಿಯ ಚಿಕ್ಕ ಕಲ್ಲಿನ ಮೇಲಿರುವುದು ಹೆಸರಿನ ಎರಡು ಮೊದಲಕ್ಷರಗಳು ಮತ್ತು ತೀರಿಕೊಂಡ ದಿನಾಂಕ ಮಾತ್ರ.

18ನೆಯ ಶತಮಾನದಿಂದ ನಿಸರ್ಗಪ್ರಿಯರು ಬರೆದಿಟ್ಟ ಇಂತಹ ದಾಖಲೆಗಳನ್ನು ವಿಜ್ಞಾನಿಗಳು ಈಚೆಗೆ ಪರಿಶೀಲಿಸಿದ್ದಾರೆ. 1986ಕ್ಕೆ ಹಿಂದಿನ ಕಾಲಕ್ಕೆ ಹೋಲಿಸಿದರೆ, ಅನಂತರದ ವರ್ಷಗಳಲ್ಲಿ ಬ್ರಿಟನ್ನಿನ ಗಿಡಗಳು ಸರಾಸರಿ ಒಂದು ತಿಂಗಳಷ್ಟು ಮುಂಚೆಯೇ ಹೂ ಬಿಡುತ್ತಿವೆ ಎಂದು 2022ರಲ್ಲಿ ಅವರು ಪ್ರಕಟಿಸಿದರು. ಭೂಮಿಯ ತಾಪ ಏರುತ್ತಿರುವುದಕ್ಕೆ ಇದೊಂದು ಗುರುತು. ತೋಟದಲ್ಲಿ ಒಂದು ಹೂವು ಅರಳಿದ ದಿನವನ್ನು ಬರೆದಿಡುವುದು ಅಲ್ಪವಾದ ಕೆಲಸವೆಂದು ತೋರಬಹುದು. ಅಂತಹ ಅಲ್ಪವಾದ ಕೆಲಸವನ್ನು ನಿಷ್ಠೆಯಿಂದ ಮಾಡಿದವರಿಂದಲೇ ಈ ಬದಲಾವಣೆ ನಮಗೆ ತಿಳಿದುಬಂದಿದೆ.