ಮನೆಯಲ್ಲಿ ಹುಟ್ಟಿದ ಆಕಾಶವಾಣಿ

ಆಕಾಶವಾಣಿ ಎಂಬ ಹೆಸರು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಆ ಹೆಸರಿನ ಬಾನುಲಿ ಕೇಂದ್ರ ಮೊದಲು ಹುಟ್ಟಿದ್ದು ಸರ್ಕಾರಿ ಕಟ್ಟಡದಲ್ಲಲ್ಲ, ಮೈಸೂರಿನ ಒಬ್ಬ ಮೇಷ್ಟರ ಮನೆಯಲ್ಲಿ ಎಂಬುದು ನಿಮಗೆ ಗೊತ್ತೇ?

ಡಾ. ಎಂ.ವಿ. ಗೋಪಾಲಸ್ವಾಮಿ ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು, ಲಂಡನ್ನಿನಲ್ಲಿ ಓದಿ ಬಂದವರು. ಪಾಠ ಹೇಳಿ, ಸಂಬಳ ಪಡೆದು ನೆಮ್ಮದಿಯಾಗಿರಬಹುದಿತ್ತು. ಆದರೆ 1935ರಲ್ಲಿ ತಮ್ಮ ಮನೆ ವಿಠಲ ವಿಹಾರದಲ್ಲೇ ಪುಟ್ಟ ಪ್ರಸಾರ ಯಂತ್ರ ಹೂಡಿದರು. ಕಾವ್ಯ, ಸಂಗೀತ, ಭಾಷಣಗಳು ಅಲ್ಲಿಂದ ಊರವರ ಕಿವಿಗೆ ಮುಟ್ಟಿದವು. ಖರ್ಚಿಗೆ ಅವರದೇ ಹಣ. ಭಾರ ಹೆಚ್ಚಿದಾಗ ನಗರಸಭೆ ನೆರವಾಯಿತು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನವೇ ಕೇಂದ್ರವನ್ನು ವಹಿಸಿಕೊಂಡಿತು.

1950ರ ದಶಕದಲ್ಲಿ ದೇಶದ ಬಾನುಲಿಗೂ ಅದೇ ಹೆಸರು ಬಂತು. ಕಟ್ಟಿದವರ ಕೈಬಿಟ್ಟರೂ ಕೆಲಸ ಉಳಿಯಿತು. ನಮ್ಮ ವಿದ್ಯೆ ನಮ್ಮ ಹೊಸ್ತಿಲು ದಾಟಿದೆಯೇ? ನೀವೇ ಯೋಚಿಸಿ.