ಶಿಲೆಗಳ ವಯಸ್ಸನ್ನು ಎಣಿಸಿದ ರದರ್‌ಫರ್ಡರು

ಬಾಲಿಕೆಯ ವಯಸ್ಸನ್ನು ಶಾಲೆಯ ದಫ್ತರವು ತಿಳಿಸುತ್ತದೆ. ಮೂಕವಾದ ಶಿಲೆಯ ವಯಸ್ಸನ್ನು ತಿಳಿಯುವುದೆಂತು? ಇದಕ್ಕೆ ದಾರಿ ತೋರಿದ ಮಹನೀಯರು ಅರ್ನೆಸ್ಟ್ ರದರ್‌ಫರ್ಡರು.

ಇವರು 1871ನೆಯ ಇಸವಿ ಆಗಸ್ಟ್ 30ರಂದು ನ್ಯೂಜಿಲೆಂಡಿನ ನೆಲ್ಸನ್ ಪಟ್ಟಣದ ಸಮೀಪದಲ್ಲಿ ಜನಿಸಿದರು. ತಂದೆ ಬಂಡಿಯ ಚಕ್ರಗಳನ್ನು ಮಾಡುವ ಕಸುಬಿನವರು. ತಾಯಿ ಮಾರ್ತಾ ವಿವಾಹಕ್ಕೆ ಮುಂಚೆ ಉಪಾಧ್ಯಾಯಿನಿ. ಹನ್ನೆರಡು ಮಕ್ಕಳ ಆ ಮನೆಯಲ್ಲಿ ಐಶ್ವರ್ಯವಿರಲಿಲ್ಲ. ವಿದ್ಯೆಯ ಮೇಲೆ ಆದರವಿತ್ತು. 1895ರಲ್ಲಿ ಇಂಗ್ಲೆಂಡಿಗೆ ಹೋಗುವ ವಿದ್ಯಾರ್ಥಿವೇತನವು ಮೊದಲು ಬೇರೊಬ್ಬರಿಗೆ ದೊರೆತು, ಅವರು ಬೇಡವೆಂದ ಮೇಲೆ ಇವರ ಪಾಲಿಗೆ ಬಂದಿತು.

ಕೇಂಬ್ರಿಜ್‌ನಲ್ಲಿ ಕಲಿತು, 1898ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಥೋರಿಯಂ ಧಾತುವಿನಿಂದ ಹೊರಡುವ ಅನಿಲವನ್ನು ಪರೀಕ್ಷಿಸುತ್ತಿರುವಾಗ, ಅದರ ವಿಕಿರಣ ಶಕ್ತಿಯು ಸುಮಾರು ಒಂದೊಂದು ನಿಮಿಷಕ್ಕೆ ಅರ್ಧವಾಗುತ್ತ ಹೋಗುವುದನ್ನು ಕಂಡರು. ಹದಿನಾರು ಪಾಲು ಎಂಟಾಗುವುದು, ಎಂಟು ನಾಲ್ಕಾಗುವುದು, ನಾಲ್ಕು ಎರಡಾಗುವುದು. ಪ್ರತಿಯೊಂದು ವಿಕಿರಣಶೀಲ ಧಾತುವಿಗೂ ಇಂತಹ ನಿಯತವಾದ ಅರ್ಧಾಯುಷ್ಯವುಂಟು. ಕೆಲವಕ್ಕೆ ಕ್ಷಣಮಾತ್ರ, ಯುರೇನಿಯಮ್ಮಿಗೆ ಸುಮಾರು 450 ಕೋಟಿ ವರ್ಷ.

ಆ ದಿನಗಳಲ್ಲಿ ಅವರ ಕೈಕೆಳಗೆ ಸಂಶೋಧನೆ ಮಾಡಿದವರಲ್ಲಿ ಹ್ಯಾರಿಯೆಟ್ ಬ್ರೂಕ್ಸ್ ಎಂಬ ಯುವತಿಯೂ ಒಬ್ಬರು. 1901ರಲ್ಲಿ ಈಕೆ ಮೆಕ್‌ಗಿಲ್‌ನಲ್ಲಿ ಎಂ.ಎ. ಪದವಿಯನ್ನು ಪಡೆದರು. ರೇಡಿಯಮ್ಮಿನಿಂದ ಹುಟ್ಟುವ ಅನಿಲವನ್ನು ಕುರಿತು ಗುರುವೂ ಶಿಷ್ಯೆಯೂ ಕೂಡಿ ಲೇಖನವನ್ನು ಪ್ರಕಟಿಸಿದರು. 1907ರಲ್ಲಿ ವಿವಾಹವಾದ ತರುವಾಯ ಆಕೆಯ ಸಂಶೋಧನೆ ನಿಂತುಹೋಯಿತು. ಹೆಣ್ಣುಮಕ್ಕಳ ಹೆತ್ತವರು ಇದನ್ನು ಯೋಚಿಸತಕ್ಕದ್ದು.

ಯುರೇನಿಯಂ ಕ್ಷಯಿಸುವಾಗ ಹುಟ್ಟುವ ಹೀಲಿಯಂ ಅನಿಲವು ಶಿಲೆಯೊಳಗೆ ಸೆರೆಯಾಗಿರುತ್ತದೆ. ಉಳಿದ ಯುರೇನಿಯಂ ಎಷ್ಟು, ಕೂಡಿದ ಹೀಲಿಯಂ ಎಷ್ಟು ಎಂದು ಅಳೆದರೆ, ಕಳೆದ ಕಾಲವನ್ನು ಲೆಕ್ಕದಿಂದ ಹೇಳಬಹುದು. ಭೂಮಿಯ ವಯಸ್ಸು ಎರಡರಿಂದ ನಾಲ್ಕು ಕೋಟಿ ವರ್ಷವೆಂದು ವೃದ್ಧ ವಿಜ್ಞಾನಿ ಲಾರ್ಡ್ ಕೆಲ್ವಿನ್ನರು ಸಾಧಿಸುತ್ತಿದ್ದ ಕಾಲವದು. 1904ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ರದರ್‌ಫರ್ಡರು ಭಾಷಣ ಮಾಡಿದಾಗ, ಕೆಲ್ವಿನ್ನರೇ ಸಭೆಯಲ್ಲಿ ಕುಳಿತಿದ್ದರು. ಹಿರಿಯರ ಮರ್ಯಾದೆಗೆ ಕುಂದು ತಾರದೆ, ಆದರೆ ಸತ್ಯವನ್ನೂ ಮರೆಮಾಡದೆ, ಭೂಮಿಯೊಳಗಿನ ವಿಕಿರಣಶೀಲ ಧಾತುಗಳು ಹೊಸ ಶಾಖವನ್ನು ಒದಗಿಸುವುದರಿಂದ ಆ ಹಳೆಯ ಲೆಕ್ಕವು ಸಾಲದೆಂದು ತಿಳಿಸಿದರು. ಅನಂತರ ಒಂದು ಖನಿಜದ ವಯಸ್ಸು ಸುಮಾರು 50 ಕೋಟಿ ವರ್ಷವೆಂದು ಗಣಿಸಿದರು. ಹೀಲಿಯಂ ಸ್ವಲ್ಪ ಸ್ವಲ್ಪವಾಗಿ ಸೋರಿಹೋಗುವುದಾದ ಕಾರಣ ಅದು ಕನಿಷ್ಠ ವಯಸ್ಸೆಂಬುದನ್ನೂ ಅವರು ಅರಿತಿದ್ದರು.

1908ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ದೊರೆಯಿತು. 1937ನೆಯ ಅಕ್ಟೋಬರ್ 19ರಂದು ಕೇಂಬ್ರಿಜ್‌ನಲ್ಲಿ ಕಾಲವಾದರು. ಅವರು ತೆರೆದ ದಾರಿಯಲ್ಲಿ ಅಮೆರಿಕದ ಲಿಬ್ಬಿಯವರು 1949ರಲ್ಲಿ ಇಂಗಾಲದ ಕ್ಷಯದಿಂದ ಪುರಾತನ ಮರದ ವಯಸ್ಸನ್ನು ನಿರ್ಣಯಿಸಿದರು. 1956ರಲ್ಲಿ ಪ್ಯಾಟರ್‌ಸನ್ನರು ಭೂಮಿಗೆ ಸುಮಾರು 455 ಕೋಟಿ ವರ್ಷವೆಂದು ತೋರಿಸಿದರು.

ಒಂದು ನಿಮಿಷವನ್ನು ಸರಿಯಾಗಿ ಅಳೆದುದರಿಂದ ಕೋಟ್ಯಂತರ ವರ್ಷಗಳ ಲೆಕ್ಕವು ಕೈಗೆ ಬಂದಿತು. ಪಾಠವನ್ನು ಅಲ್ಪವೆಂದು ತಳ್ಳದೆ ತಾಳ್ಮೆಯಿಂದ ಅಭ್ಯಸಿಸುವ ಬಾಲಿಕೆಯರಿಗೆ ಇದಕ್ಕಿಂತ ಉತ್ತಮವಾದ ದೃಷ್ಟಾಂತವು ಬೇಕಿಲ್ಲ.