ಪರೇಲ್‌ನ ಪ್ರಯೋಗಶಾಲೆಯ ಡಾ. ಕಮಲ್ ರಣದಿವೆ

ಪರೇಲ್‌ನ ಟಾಟಾ ಆಸ್ಪತ್ರೆ ಗೊತ್ತಿಲ್ಲದ ಮುಂಬಯಿ ಕನ್ನಡಿಗರಿಲ್ಲ. ಊರಿನಿಂದ ಫೈಲು ಹಿಡಿದು ಬಂದ ನೆಂಟರ ಜೊತೆ ಅಲ್ಲಿ ಸರದಿಯಲ್ಲಿ ಕೂತವರು ನಮ್ಮಲ್ಲಿ ಅನೇಕರು. ಆದರೆ ಸ್ತನ ಕ್ಯಾನ್ಸರ್ ಏಕೆ ಬರುತ್ತದೆಂದು ಹುಡುಕುತ್ತಾ ಪರೇಲ್‌ನಲ್ಲೇ ಬದುಕು ಸವೆಸಿದ ಡಾ. ಕಮಲ್ ರಣದಿವೆ ಅವರ ಹೆಸರು ಕೇಳಿದವರು ಕಡಿಮೆ.

ಹುಟ್ಟಿದ್ದು ಪುಣೆಯಲ್ಲಿ, 1917ರ ನವೆಂಬರ್ 8ರಂದು. ತಂದೆ ದಿನಕರ್ ಸಮರ್ಥ್ ಫರ್ಗ್ಯುಸನ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಮಗಳು ಡಾಕ್ಟರಾಗಲಿ ಎಂಬುದು ಅವರ ಆಸೆ. ಮಗಳ ಮನಸ್ಸು ಗಿಡ, ಪ್ರಾಣಿ, ಜೀವಕೋಶಗಳ ಕಡೆ. 1939ರಲ್ಲಿ ಗಣಿತ ಓದಿದ ಜೆ.ಟಿ. ರಣದಿವೆ ಅವರನ್ನು ಮದುವೆಯಾದರು. ಎಂ.ಎಸ್ಸಿ. ಮುಗಿಸಿದ್ದು ಮದುವೆಯ ನಂತರ, 1943ರಲ್ಲಿ. ವಿಷಯ ಸೀತಾಫಲದ ಜಾತಿಯ ಗಿಡಗಳ ವರ್ಣತಂತುಗಳು! ಗಂಡನ ಒತ್ತಾಸೆ ಇತ್ತೆನ್ನಿ.

ಮುಂಬಯಿಯಲ್ಲಿ ಡಾ. ಖಾನೋಲ್ಕರ್ ಅವರ ಕೈಕೆಳಗೆ 1949ರಲ್ಲಿ ಪಿಎಚ್.ಡಿ. ಪಡೆದು, ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾರ್ಜ್ ಗೈ ಅವರ ಬಳಿ ಜೀವಕೋಶಗಳನ್ನು ದೇಹದ ಹೊರಗೆ ಬೆಳೆಸುವ ವಿದ್ಯೆ ಕಲಿತರು. ಅಲ್ಲೇ ಉಳಿಯದೆ ಮರಳಿ ಬಂದು ಪರೇಲ್‌ನಲ್ಲಿ ಅಂಗಾಂಶ ಕೃಷಿಯ ಪ್ರಯೋಗಶಾಲೆ ಕಟ್ಟಿದರು.

ಅವರ ಮುಖ್ಯ ಕೆಲಸ ಇಲಿಗಳ ಸ್ತನ ಕ್ಯಾನ್ಸರ್ ಮೇಲೆ. ವಂಶ, ಹಾರ್ಮೋನು, ವೈರಸ್ ಈ ಮೂರೂ ಹೇಗೆ ಹೆಣೆದುಕೊಳ್ಳುತ್ತವೆ ಎಂದು ವರ್ಷಗಟ್ಟಲೆ ನೋಡಿದರು. ಇಲಿಗಳಲ್ಲಿ ಆ ವೈರಸ್ ತಾಯಿಹಾಲಿನ ಮೂಲಕ ಮರಿಗೆ ಹೋಗುತ್ತದೆ. (ಗಾಬರಿ ಬೇಡ, ನಮ್ಮಲ್ಲಿ ಹಾಲೂಡಿಸಿದರೆ ತಾಯಿಗೆ ಅಪಾಯ ಕಡಿಮೆಯೇ ಆಗುತ್ತದೆ.)

ಆಗಿನ್ನೂ ಬಿಆರ್‌ಸಿಎ ಜೀನ್‌ನ ಹೆಸರೇ ಇರಲಿಲ್ಲ. ಗಡ್ಡೆ ಬೆಳೆಯದಂತೆ ಕಾಯುವ ಈ ಜೀನ್‌ಗಳಲ್ಲಿ ಮೊದಲನೆಯದು ಪೂರ್ತಿ ಗುರುತಾದದ್ದು 1994ರಲ್ಲಿ. ಕೆಲವು ಮನೆತನಗಳಲ್ಲಿ ಅದು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಇನ್ನು ಕೆಲವರ ಗಡ್ಡೆಯಲ್ಲಿ ಜೀನ್ ಸರಿಯಾಗಿಯೇ ಇದ್ದರೂ ಅದರ ಸ್ವಿಚ್ ಆಫ್ ಆಗಿರುತ್ತದೆ. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ, ಕೋಡ್ ಇದೆ, ಓಡುತ್ತಿಲ್ಲ. ಅಪಾಯ ತಂದೆಯ ಕಡೆಯಿಂದಲೂ ಬರಬಹುದು. ಆದ್ದರಿಂದ ಅತ್ತೆ, ಅಂದರೆ ಅಪ್ಪನ ತಂಗಿಗೆ ಬಂದಿದ್ದರೂ ಡಾಕ್ಟರಿಗೆ ಹೇಳಿ. ಸಂಬಂಧ ತಪ್ಪೀತೆಂದು ಇದನ್ನು ಮುಚ್ಚಿಡುವ ಮನೆಗಳು ಈಗಲೂ ಇವೆ, ಅದೇ ಬೇಸರ.

ಕುಷ್ಠರೋಗದ ಲಸಿಕೆಗೂ ದುಡಿದ ಕಮಲ್ ಅವರಿಗೆ 1982ರಲ್ಲಿ ಪದ್ಮಭೂಷಣ ಬಂತು. 2001ರಲ್ಲಿ ತೀರಿಕೊಂಡರು. 1973ರಲ್ಲಿ ಅವರು ಗೆಳತಿಯರೊಡನೆ ಕಟ್ಟಿದ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ ವಾಶಿಯಲ್ಲಿದೆ. ಅಲ್ಲಿ ಉದ್ಯೋಗಸ್ಥ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಕೂಡ ನಡೆಸುತ್ತಾ ಬಂದಿದ್ದಾರೆ.